ಕೈಲ್‌ಪೊಳ್ದ್ ಮರುದಿನ

ಮಾವ ಕೋವಿಯ ನಳಿಗೆಗೆ ಎಣ್ಣೆ ಸವರಿ
ತೋಕ್‌ಪೂ ಸಿಕ್ಕಿಸಿದ್ದು ನಿನ್ನೆ.
ಇವತ್ತು ನನ್ನ ಸರದಿ.
ಮೇನ್ ಇಳಿಸಿ, ಪ್ಲಗ್ ಕಿತ್ತು, ಮೂಗಿಗೆ ಬಟ್ಟೆ ಕಟ್ಟಿ
ಆವಿಗೆಯ ಮುಚ್ಚಳ ಎತ್ತುತ್ತೇನೆ.
ಮೂರು ತಿಂಗಳು ಒಳಗೇ ಕೂತಿದ್ದವು
ಕರೆಂಟಿಲ್ಲದ ಪೊನ್ನಂಪೇಟೆ,
ಸುಡದ ಲೋಟಗಳು, ಬೂಷ್ಟು ಹಿಡಿದ ಲೆಕ್ಕದ ಪುಸ್ತಕ.

ಮೊದಲು ಬ್ರಶ್ಶು, ಆಮೇಲೆ ವ್ಯಾಕ್ಯೂಮು.
ಸುರುಳಿ ಮಲಗಿದ ಕಾಲುವೆಗಳಿಂದ
ಇಟ್ಟಿಗೆಯ ಹಿಟ್ಟು, ಹೊಳಪಿನ ಚೂರು,
ಒಂದು ಬಿಳಿ ಕಿವಿ,
ನೀಲವ್ವನ ಮೊಮ್ಮಗ ಮಾಡಿದ ಆನೆಯದು.
ಒಣಗುವ ಮುಂಚೆಯೇ ಸುಟ್ಟೆ, ಸಿಡಿಯಿತು.
ಆನೆ ನಾಗರಹೊಳೆಗೆ ಹೋಯಿತು ಅಂದಿದ್ದೆ ಅವನಿಗೆ.

ಉಳಿ ಹಿಡಿದು ಶೆಲ್ಫಿನ ಹಸಿರು ಹರಳು ಎಬ್ಬಿಸಿ
ಬೋಳಾದ ಜಾಗಕ್ಕೆ ಬಿಳಿಮಣ್ಣಿನ ಗಂಜಿ,
ತೆಳ್ಳಗೆ, ಎರಡು ಸಲ.

ಸಿದ್ದಾಪುರದ ಮೊಯ್ದು ಮೀಟರು ತಂದ.
ಮೇಲಿನ ಸುರುಳಿ ಹದಿನಾರು ಓಮ್, ನಡುವಿನದು ಹದಿನಾರೂವರೆ,
ಕೆಳಗಿನದು ಇಪ್ಪತ್ತು.
ವಯಸ್ಸಾದಷ್ಟೂ ವಿರೋಧ ಜಾಸ್ತಿ ಅಕ್ಕ, ಅಂದ,
ಜಗಲಿಯ ಮಾವನ ಕಡೆ ನೋಡದೆ.
ಹೊಸದು ಚೀಲದಲ್ಲೇ ಇತ್ತು, ಹಾಕಿದ.
ನಡುವಿನದರಲ್ಲಿ ಒಂದು ಸುತ್ತು ಜೋತುಬಿದ್ದಿತ್ತು;
ಬೆರಳಲ್ಲಿ ತಳ್ಳಲು ಹೋದೆ, ಕೈ ತಡೆದ:
ತಣ್ಣಗಿರುವಾಗ ಬಗ್ಗಿಸಬೇಡಿ, ಕಡ್ಡಿಯ ಹಾಗೆ ಮುರಿಯುತ್ತೆ.
ಜ್ವಾಲೆ ಹಿಡಿದು, ಕೆಂಪಾದ ಮೇಲೆ, ಇಕ್ಕಳದಲ್ಲಿ
ಎಳೆಮಗುವಿನ ಕಾಲು ಕಾಲ್ಚೀಲಕ್ಕೆ ತೂರಿಸಿದ ಹಾಗೆ
ಒಳಗೆ ಕೂರಿಸಿದ.

ಕರಿಹಿಡಿದ ಟರ್ಮಿನಲ್ಲು ಉಜ್ಜಿ ತಿರುಪು ಬಿಗಿದೆವು.
ಶಾಖ ಅಳೆಯುವ ತಂತಿಯ ತುದಿ
ಸವೆದು ಸೀಗಡಿ ಮೀಸೆಯಾಗಿದೆ.
ಈ ವರ್ಷ ನಡೆಯುತ್ತೆ.

ಕೊನೆಗೆ ನೋಡುಕಿಂಡಿ.
ಅದರ ಬಿರಡೆ ಮೇ ತಿಂಗಳಲ್ಲೇ ಕಳೆದಿದ್ದೆ.
ಬೆರಳು ತೂರಿಸಿದರೆ ಮಣ್ಣು.
ಬೆಳಕು ಬಿಟ್ಟೆ:
ಕುಂಬಾರ ಹುಳದ ಮೂರು ಕುಡಿಕೆ,
ಎರಡಕ್ಕೆ ಮುಚ್ಚಳ, ಒಂದರ ಬಾಯಿ ಇನ್ನೂ ತೆರೆದಿದೆ.
ಅಂಚು ಎಷ್ಟು ಸಮ ಅಂದರೆ
ತಿಗರಿಯಿಂದ ನಾನು ಇಳಿಸಿದ ಯಾವುದೂ ಹಾಗಿಲ್ಲ.

ಹಕ್ಕಿಗೂ ಗೂಡು, ಸುಣ್ಣಕ್ಕೂ ಗೂಡು, ಇಟ್ಟಿಗೆಗೂ ಗೂಡು.
ಸಾಕುವುದಕ್ಕೂ ಸುಡುವುದಕ್ಕೂ ಒಂದೇ ಮಾತು ಇಟ್ಟವರು
ಮರೆತು ಇಟ್ಟರೋ
ಗೊತ್ತಿದ್ದೇ ಇಟ್ಟರೋ.

ಸ್ಕ್ರೂಡ್ರೈವರಲ್ಲಿ ಒಂದು ಏಟು ಸಾಕು, ಅಂದ ಮೊಯ್ದು.
ಅಂದನೇ ಹೊರತು ಕೊಡಲಿಲ್ಲ.
ಬೆಲ್ಲದ ಕಾಫಿ ಕುಡಿದು ಸಾಮಾನು ಕಟ್ಟಿದ.

ಗೋಣಿಕೊಪ್ಪದ ಹೋಮ್‌ಸ್ಟೇಗೆ ಫೋನು ಮಾಡಿ
ಎಲಿಮೆಂಟು ಬಂದಿಲ್ಲ, ಲೋಟ ಇನ್ನು
ಕಾವೇರಿ ಸಂಕ್ರಮಣದ ಮೇಲೆಯೇ, ಅಂದೆ.
ಸುಳ್ಳು ಸಲೀಸಾಗಿ ಬಂತು.
ಪುಸ್ತಕದಲ್ಲಿ ಬರೆದೆ: ಸುಡುವುದು, ೧೧೮.
ದಿನಾಂಕ ಖಾಲಿ.
ಕಾರಣ ಎಂಬಲ್ಲಿ ಪೆನ್ಸಿಲು ನಿಂತಾಗ
ಕಿಟಕಿಯಿಂದ ಅವಳು ಬಂದಳು, ಸೊಂಟ ಸಣ್ಣ,
ಬಾಯಲ್ಲಿ ಒಂದು ಉಂಡೆ,
ನನ್ನದೇ ಬಕೆಟ್ಟಿನ ಮಣ್ಣು.

ಎದ್ದು ಹೋಗಿ
ಮೇನ್ ಇಳಿದೇ ಇದೆಯೆ ಎಂದು
ಇನ್ನೊಮ್ಮೆ ನೋಡಿ ಬಂದೆ.