ಮುಂಗೋ ಸೇತುವೆಗೆ ಹೋಗುವ ಚೀಲ

ಹಿಟ್ಟಿನ ಚೀಲ ಅದು, ಒಳಗಿನ್ನೂ ಬಿಳಿ ಬಿಳಿ.
ಬಸ್‌ನಿಲ್ದಾಣದಲ್ಲಿ ನಾನು ಪಫ್‌ಪಫ್ ಕರಿಯುವ ಹಿಟ್ಟು ಬಂದದ್ದು.
ಈಗ ಅದರೊಳಗೆ ಬೂಯಾ ಊರಿನ ಬಾಯಿಗಳು:
ಮೂವತ್ತೆಂಟು ಫೋನು, ಒಂದೊಂದಕ್ಕೂ ದಾರ,
ದಾರಕ್ಕೊಂದು ರಟ್ಟಿನ ಚೂರು,
ರಟ್ಟಿನ ಮೇಲೆ ನನ್ನ ಸೊಟ್ಟ ಅಕ್ಷರ.

ಎಫಾಂಗೆ, ವ್ಯಾನು ಹೊರಡುವ ಮೊದಲು ಎಣಿಸಿಕೋ.
ಬರುವಾಗಲೂ ಎಣಿಸಿಕೋ.
ಒಂದಕ್ಕೆ ನೂರು ಫ್ರಾಂಕ್, ಓದುವ ಮಕ್ಕಳಿಗೆ ಐವತ್ತು,
ಬಾಣಂತಿಗೆ ಬಿಟ್ಟಿ.

ಜನವರಿಯ ಒಂದು ರಾತ್ರಿ ಯಾರೋ ಎಲ್ಲೋ
ಒಂದು ಗುಂಡಿ ಒತ್ತಿದರಂತೆ.
ಸದ್ದಿರಲಿಲ್ಲ. ಗುಡುಗಿದ್ದರೆ ಹೆದರಬಹುದಿತ್ತು.
ಬೆಳಿಗ್ಗೆ ಎದ್ದು ಅವರವರ ಫೋನನ್ನೇ ಅವರವರು ಬೈದೆವು,
ತಟ್ಟಿದೆವು, ಊದಿದೆವು,
ಲಾಟೀನಿನ ಗಾಜಿನಂತೆ ಒರೆಸಿದೆವು.
ಮಧ್ಯಾಹ್ನಕ್ಕೆ ತಿಳಿಯಿತು:
ನದಿಯ ಈಚೆ, ಇಂಗ್ಲಿಷ್ ಆಡುವ ನಮ್ಮ ಕಡೆ, ಎಲ್ಲ ಬಂದ್.
ಸೇತುವೆ ದಾಟಿದರೆ ಅದೇ ಗಾಳಿಗೆ ಜೀವ ಉಂಟು.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ನಮ್ಮದು ಆಡಿದರೂ ಹೋಗದು,
ಟಿಕೆಟ್ ಕೊಂಡು ಕಳಿಸಬೇಕು.

ನಾನು ಯಾರದನ್ನೂ ನೋಡುವುದಿಲ್ಲ.
ಎಣ್ಣೆ ಕಾಯುವತನಕ ಅವರೇ ಹೇಳುತ್ತಾರೆ:
ಡುವಾಲಾದ ಡಾಕ್ಟರಿಗೆ ಮಗುವಿನ ಗಂಟಲಿನ ಚಿತ್ರ,
ಸಾಲ ಕೊಟ್ಟವನಿಗೆ ಇನ್ನೊಂದು ‘ನಾಳೆ’.
ಟೈಲರ್ ಲಿಕೋವೋ ನಾಚಿಕೊಂಡು:
‘ಅವಳಿಗೆ ಹೂಂ ಅನ್ನಬೇಕು, ಅಷ್ಟೇ.
ಹನ್ನೊಂದು ದಿನದಿಂದ ಬಾಯಲ್ಲೇ ಇದೆ.’

ಅಯುಕ್ ಮಾಸ್ತರು ಮಾತ್ರ ಏನೂ ಹೇಳಲಿಲ್ಲ.
ಗಾಜು ಒಡೆದ ಫೋನು, ಬೆನ್ನಿಗೆ ಸೈಕಲ್ ಪಂಚರಿನ ಪಟ್ಟಿ.
ಎರಡು ಪಫ್‌ಪಫ್ ತಿಂದರು, ಎಣ್ಣೆಗೈ ಪ್ಯಾಂಟಿಗೆ ಒರೆಸಿದರು.
‘ವಿಡಿಯೋ ಸ್ವಲ್ಪ ದೊಡ್ಡದು.
ಆಚೆ ಹತ್ತು ನಿಮಿಷ ಹೆಚ್ಚು ನಿಲ್ಲಿಸಲು ಹೇಳು.’

ನಿಲ್ಲಿಸಿದೆಯಂತೆ.
ನೀನೇ ಹೇಳಿದ್ದು: ಸೇತುವೆ ಹತ್ತಿರವಾಗುತ್ತಲೇ
ಚೀಲ ಮಿಸುಕುತ್ತದೆ, ಒಂದು ಕೆಮ್ಮು, ಒಂದು ಚಿಲಿಪಿಲಿ,
ಆಮೇಲೆ ಎಲ್ಲವೂ ಒಟ್ಟಿಗೆ, ಶಾಲೆ ಬಿಟ್ಟ ಹಾಗೆ.
ಹಿಂದಿನ ಸೀಟಿನ ಮುದುಕಿ ಎದೆಗೆ ಶಿಲುಬೆ ಗುರುತು ಹಾಕಿಕೊಂಡಳಂತೆ.

ಚೆಕ್‌ಪೋಸ್ಟಿನ ಹುಡುಗ, ಬಂದೂಕಿಗಿಂತ ಒಂದೆರಡು ಗೇಣು ಎತ್ತರ,
ಏನಿದೆ ಅಂದ.
ಹಿಟ್ಟು ಅಂದೆ.
ಹಿಟ್ಟು ರಿಂಗಾಯಿತು.
ಅವನು ನಿನ್ನ ಮುಖ ನೋಡಿದ, ನೀನು ಅವನ ಬೂಟು ನೋಡಿದೆ.
ಆಮೇಲೆ ಅತ್ತಿತ್ತ ನೋಡಿ, ಜೇಬಿಗೆ ಕೈಹಾಕಿ,
ತನ್ನದನ್ನೂ ತೆಗೆದು ಕೊಟ್ಟನಂತೆ.
ಅಮ್ಮನಿಗಂತೆ.

ಇದನ್ನು ಹೇಳುತ್ತ ನೀನು ನಕ್ಕೆ. ನಾನೂ ನಕ್ಕೆ.
ಆಗ ನಮಗಿನ್ನೂ ಸುದ್ದಿ ಬಂದಿರಲಿಲ್ಲ.

ಸಂಜೆ ಮೂವತ್ತೇಳು ಜನ ಬಂದು
ಮೂವತ್ತೇಳು ದಾರ ಬಿಚ್ಚಿಕೊಂಡು ಹೋದರು.
ಮಾಸ್ತರನ್ನು ಮಧ್ಯಾಹ್ನವೇ ಎತ್ತಿಕೊಂಡು ಹೋಗಿದ್ದರು.
ಅಂಗಳದಲ್ಲಿ ಒಂದು ಚಪ್ಪಲಿ ಇತ್ತಂತೆ, ಎಡಗಾಲಿನದು.
ಆ ಹುಡುಗನೇ ಹೇಳಿದನೋ, ಇನ್ನಾರೋ.
ಅಥವಾ ನಾನೇ, ನಿಲ್ದಾಣದ ನಡುವೆ ನಿಂತು,
ಹತ್ತು ನಿಮಿಷ ಹೆಚ್ಚು ನಿಲ್ಲಿಸು ಎಂದು
ನಿನಗೆ ಕೂಗಿ ಹೇಳಿದೆನಲ್ಲ, ಅದೋ.

ಆ ಫೋನಿಗೆ ದಾರ ಬಿಚ್ಚಿಲ್ಲ.
ಬೀಗದ ಗುರುತು ನನಗೆ ತಿಳಿಯದು, ತಿಳಿಯುವುದೂ ಬೇಡ.
ಆದರೆ ಪ್ರತಿ ಸಲ ಆಚೆಗೆ ಹೋಗಿ ಬಂದಾಗ
ಒಡೆದ ಗಾಜಿನಡಿ ಒಂದೊಂದು ಸಾಲು ಹೊಳೆಯುತ್ತದೆ:
ತಲುಪಿತು.
ನೋಡಿದೆವು, ಎಲ್ಲರಿಗೂ ತೋರಿಸಿದೆವು.
ಸರ್, ಹೇಗಿದ್ದೀರಿ?
ಸರ್?

ಇವತ್ತು ಇಪ್ಪತ್ತಾರು ಇವೆ, ಎಣಿಸಿಕೋ.
ಜನ ಕಡಿಮೆ, ಹೆದರಿದ್ದಾರೆ.
ಪಂಚರ್ ಪಟ್ಟಿಯದ್ದನ್ನು ಅಡಿಯಲ್ಲಿಟ್ಟಿದ್ದೇನೆ,
ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದೆ.
ಆಚೆ ಹತ್ತು ನಿಮಿಷ ಹೆಚ್ಚು ನಿಲ್ಲಿಸು.