ಎರಡನೇ ನಕ್ಷತ್ರ

ತಿಂಗಳ ಕೊನೆಗೆ ಬೇಕಂತೆ ಕೈಪಿಡಿ.
ಕೊಳ್ಳುವವರ ಕಡೆಯ ಆಡಿಟರ್ ಕೇಳಿದ್ದಾನೆ:
ಕಾಫಿ ತೂಗುವ, ತೇವ ಕಳೆಯುವ, ದರ್ಜೆ ಬರೆಯುವ
ಈ ಪ್ರೋಗ್ರಾಮು ಏನು ಮಾಡುತ್ತದೆ, ಯಾಕೆ ಮಾಡುತ್ತದೆ?
ಚಿಕ್ಕಮಗಳೂರಿನ ಕಡೂರು ರಸ್ತೆಯ ನಮ್ಮ ಕ್ಯೂರಿಂಗ್ ವರ್ಕ್ಸಿನಲ್ಲಿ
ಅದು ಗೊತ್ತಿರುವವರು ಯಾರೂ ಇಲ್ಲ.
ಮ್ಯಾನೇಜರ್ ನೂರುಲ್ಲಾ ಸಾಹೇಬರು ನನ್ನತ್ತ ನೋಡಿದರು.
ನಾನು ಪರದೆಯತ್ತ ನೋಡಿದೆ.

ಬರೆದವರು ಮೇಬಲ್ ಸಿಕ್ವೇರಾ. ಹದಿನಾರು ವರ್ಷದ ಹಿಂದೆ.
ಸಾಲುಗಳ ಸಂದಿಯಲ್ಲಿ ತಮಗೇ ಅಂತ ಬರೆದಿಟ್ಟ ಟಿಪ್ಪಣಿ,
ಆಡುವ ಮಾತಿನಲ್ಲೇ:
"ಇದನ್ನು ಮುಟ್ಟಬೇಡಿ. ನಾನು ಮುಟ್ಟಿ ನೋಡಿದ್ದೇನೆ."
"ಪಾರ್ಚ್‌ಮೆಂಟಿಗೆ ಬೇರೆ, ಚೆರ್ರಿಗೆ ಬೇರೆ ಲೆಕ್ಕ. ಬೆರೆಸಿದರೆ ಜಗಳ."
"ಬೆಳಗಿನ ಮಂಜಿನಲ್ಲಿ ಮೀಟರು ಅರ್ಧ ಪರ್ಸೆಂಟು ಸುಳ್ಳು ಹೇಳುತ್ತೆ."

ಇವನ್ನೆಲ್ಲ ಹೆಕ್ಕಿ ಪುಟ ಕಟ್ಟಿಕೊಡುವ ಟೂಲುಗಳುಂಟು.
ಮೂರು ಇಳಿಸಿಕೊಂಡೆ.

ಮೊದಲನೆಯದು ಶಿಸ್ತಿನ ಆಸಾಮಿ.
ಒಂದು ನಕ್ಷತ್ರ ಹಾಕಿ ಬರೆದರೆ ಅದು ಬರೀ ಟಿಪ್ಪಣಿ,
ಎರಡು ಹಾಕಿದರೆ ಮಾತ್ರ ದಾಖಲೆ.
ಎರಡನೆಯದು ಹಾಕಲು ಮೇಬಲ್‌ಗೆ ಪುರುಸೊತ್ತು ಇರಲಿಲ್ಲ.
ಬಂತು ಇನ್ನೂರ ಹನ್ನೊಂದು ಪುಟ, ನೀಟಾಗಿ, ಸೂಚಿ ಸಮೇತ;
ಪ್ರತಿ ಹೆಸರಿನ ಕೆಳಗೂ ಒಂದೇ ಮಾತು: ವಿವರಣೆ ಇಲ್ಲ.

ಎರಡನೆಯದಕ್ಕೆ ಕನ್ನಡ ಬಾರದು.
ಒತ್ತುಗಳನ್ನೆಲ್ಲ ಕಳಚಿ ಪಕ್ಕಕ್ಕಿಟ್ಟಿತು.
ತೇವಾಂಶ ಇದ್ದಲ್ಲಿ ನಾಲ್ಕು ಖಾಲಿ ಚೌಕ.

ಮೂರನೆಯದು ಧಾರಾಳಿ. ಬಾಚಿ ತುಂಬಿತು:
ಮುಟ್ಟಬೇಡಿ ಬಂತು, ಮಂಜು ಬಂತು, ಜೊತೆಗೇ
"ಥೂ", "ಕರೆಂಟು ಹೋಯ್ತು", "ನಾಳೆ ನೋಡೋಣ",
"ಸಂಬಳ ಇನ್ನೂ ಆಗಿಲ್ಲ", ಎಲ್ಲ ದಪ್ಪ ಅಕ್ಷರದಲ್ಲಿ.
ಆಡಿಟರ್ ಇದನ್ನು ಗಟ್ಟಿಯಾಗಿ ಓದುವುದನ್ನು ನೆನೆದು
ಒಬ್ಬಳೇ ನಕ್ಕೆ.

ತರೀಕೆರೆಗೆ ಫೋನು ಹಚ್ಚಿದೆ. ಈಗ ಅಲ್ಲಿ ಕೇಕು ಮಾಡುತ್ತಾರೆ.
"ಮೇಡಂ, ಏಳುನೂರ ನಲವತ್ತನೇ ಸಾಲಲ್ಲಿ
ಸೊನ್ನೆ ಪಾಯಿಂಟ್ ಎಂಟು ಒಂದು ಯಾಕೆ?"
"ಟಿಪ್ಪಣಿ ಇಲ್ವಾ ಅಲ್ಲಿ?"
"ಇದೆ. ಬೋರಯ್ಯ ಹೇಳಿದ್ದು ಅಂತಿದೆ."
"ಹಾಗಾದ್ರೆ ಬೋರಯ್ಯ ಹೇಳಿದ್ದು."
"ನಿಮಗೇನೂ ನೆನಪಿಲ್ವಾ?"
"ನೆನಪಿರೋ ಹಾಗಿದ್ರೆ ಬರೀತಿದ್ದೆನಾ, ಮಾರಾಯ್ತಿ?"
ಹಿಂದೆ ಓವನ್ ಗಂಟೆ ಹೊಡೆಯಿತು. ಫೋನಿಟ್ಟರು.

ಕೆಳಗಿಳಿದೆ. ಗಾರ್ಬ್ಲಿಂಗ್ ಹಾಲಿನಲ್ಲಿ
ನೂರು ಜನ ಕೂರುತ್ತಿದ್ದ ಕಡೆ ಈಗ ಒಂಬತ್ತು ಜನ.
ಬಣ್ಣ ನೋಡಿ ಆರಿಸುವ ಮಿಷನ್ನು ಗಾಳಿ ಊದಿ ಊದಿ
ಕಪ್ಪು ಬೀಜವನ್ನು ಹಾರಿಸುತ್ತಿತ್ತು;
ಒಂದಿಷ್ಟು ಒಳ್ಳೆಯವೂ ಜೊತೆಗೆ ಹಾರಿ ಬೀಳುತ್ತಿದ್ದವು.
ಪುಟ್ಟಲಕ್ಷ್ಮಮ್ಮ ಆ ಬೀಳುಮೂಟೆಯನ್ನೇ
ಮೊರಕ್ಕೆ ಸುರಿದುಕೊಂಡು ಕೂತಿದ್ದರು.
"ಹೊಸ ಮಿಷನ್ನು ಚೆನ್ನಾಗಿದೆಯಾ?" ಅಂದೆ.
"ಚೆನ್ನಾಗೈತೆ. ಇದೊಂದಿಷ್ಟು ನಾನು ನೋಡ್ಬೇಕು, ಅಷ್ಟೇಯ"
ಅಂದರು, ತಲೆ ಎತ್ತದೆ.

ಮೊದಲನೆಯದನ್ನೇ ಆರಿಸಿದೆ.
ನಾಲ್ಕು ರಾತ್ರಿ ಕೂತು, ಒಂದೊಂದೇ ಟಿಪ್ಪಣಿ ಓದಿ,
ಬೇಕಾದ್ದಕ್ಕೆ ನನ್ನ ಕೈಯಾರೆ ಎರಡನೇ ನಕ್ಷತ್ರ.
ಮಂಜಿಗೊಂದು. ಜಗಳಕ್ಕೊಂದು. ಬೋರಯ್ಯನಿಗೊಂದು,
ಅವನು ಯಾರೆಂದು ತಿಳಿಯದಿದ್ದರೂ.
ಟಿಪ್ಪಣಿಯೇ ಇಲ್ಲದ ಕಡೆ ಬರೆದೆ:
"ಗೊತ್ತಿಲ್ಲ. ಗೊತ್ತಾದವರು ಇಲ್ಲಿ ತಿದ್ದಿ."
ಅದಕ್ಕೂ ಎರಡು ಹಾಕಿದೆ.
ನೂರುಲ್ಲಾ ಸಾಹೇಬರು ಹುಬ್ಬೇರಿಸಿದರು, ಸಹಿ ಮಾಡಿದರು.

"ಥೂ" ಮುಟ್ಟಲಿಲ್ಲ. ಸಂಬಳದ್ದನ್ನೂ.
ಸಾವಿರದ ಆರನೇ ಸಾಲಿನ ಕೆಳಗೆ ಹೀಗಿತ್ತು:
"ಇವತ್ತು ಲೆಕ್ಕ ಕೂಡಿತು. ರಾತ್ರಿ ಹತ್ತೂಕಾಲು.
ಹೇಳೋಣ ಅಂದ್ರೆ ಯಾರೂ ಇಲ್ಲ."
ಬೆರಳು ಕೀಲಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು.
ಆಮೇಲೆ ಅದರ ಕೆಳಗೆ ಇನ್ನೊಂದು ಸಾಲು,
ನಾನೂ ಒಂದೇ ನಕ್ಷತ್ರ ಹಾಕಿ:
"ಓದಿದೆ. ನಂದು ಹನ್ನೊಂದೂವರೆ."