ಅಸ್ತರು

ನಿಜ್ವಾದಲ್ಲಿ ಚಳಿ ಎಂದರೆ ಊರಿನವರು ಫೋನಿನಲ್ಲೇ ನಗುತ್ತಾರೆ.
"ಮರಳುಗಾಡಿನಾಗ ಎಲ್ಲೀ ಥಂಡಿಯೋ ಹುಸೇನಾ,
ಒಂಟೆಗೋಳು ಸ್ವೆಟರ್ ಹಾಕ್ಕೋತಾವೇನು?"
ನಾನೂ ನಗುತ್ತೇನೆ.
ಜನವರಿಯ ನಸುಕಿಗೆ, ಗಂಟೆಗೆ ಎಂಬತ್ತರ ಓಟದಲ್ಲಿ,
ಗಾಳಿ ಅಂಗಿಯ ಗುಂಡಿ ಎಣಿಸುತ್ತದೆ ಒಂದೊಂದಾಗಿ,
ವಸೂಲಿಗೆ ಬಂದವನ ಹಾಗೆ.
ಹೇಗೆ ಹೇಳಲಿ ಇದನ್ನು, ಫೋನಿನಲ್ಲಿ?

ಎಂಟುನೂರ ಅರವತ್ತು ಕಿಲೋಮೀಟರು.
ಬಿಲ್ಲುಪುಸ್ತಕದ ಬೆನ್ನಿಗೆ ಗೆರೆ ಎಳೆದಿದ್ದೇನೆ:
ಆದಮ್, ಘಾಬಾ, ಹೈಮಾ, ಥುಮ್ರೈತ್, ಸಲಾಲಾ.
ಐದು ಚುಕ್ಕೆ. ನಡುವೆ
ಪೆನ್ಸಿಲ್ಲಿಗೂ ಬರೆಯಲು ಏನೂ ಸಿಗಲಿಲ್ಲ.
ಟ್ಯಾಂಕಿಗೆ ಹನ್ನೆರಡು ಲೀಟರು, ಲೀಟರಿಗೆ ನಲವತ್ತು,
ಎದುರುಗಾಳಿ ಎದ್ದರೆ ಮೂವತ್ತೈದು,
ನನ್ನ ಅದೃಷ್ಟ ಎದ್ದರೆ ಮೂವತ್ತು.

ಪೀರ್ ಬಕ್ಷ್ ಚೈನಿಗೆ ಎಣ್ಣೆ ಬಿಟ್ಟು ಕೈ ಒರೆಸಿಕೊಂಡ.
"ಸ್ವಲ್ಪ ಸಡಿಲ ಇಟ್ಟಿದ್ದೇನೆ. ನೀನೂ ಹಾಗೇ ಇರು.
ಹೈಮಾದ ಬೆಳಗಿನ ಮಂಜಿನಲ್ಲಿ ಒಂಟೆ ಕಾಣುವುದಿಲ್ಲ,
ಕಾಲಷ್ಟೇ ಕಾಣುತ್ತವೆ.
ಬಾಗಿಲೆಂದುಕೊಂಡು ನುಗ್ಗಬೇಡ."

ಬೈಕು ಮಾರಿಯಾಗಿದೆ. ಸಲಾಲಾದ ಬಖೀತ್ ಎಂಬವನಿಗೆ,
ನೂರ ತೊಂಬತ್ತು ರಿಯಾಲಿಗೆ.
ನನಗಿನ್ನು ಕಂಪನಿಯ ವ್ಯಾನು,
ಹೀಟರು, ಬಾಗಿಲು, ಕನ್ನಡಿ ಮೂರು.
ಟ್ರಕ್ಕಿಗೆ ಹಾಕಿದರೆ ಇಪ್ಪತ್ತು ರಿಯಾಲಿಗೆ ತಲುಪಿಸುತ್ತಾರೆ.
"ಇಪ್ಪತ್ತು ಉಳಿಸೋಕೆ ನಿಮೋನಿಯಾ ತಗೊಳ್ತೀಯಾ ಮಾರಾಯಾ?"
ವಾಮನ ಪೂಜಾರಿ ಸಾರಿಗೆ ಒಗ್ಗರಣೆ ಕೊಡುತ್ತ ಕೇಳಿದ.
ಪೆಟ್ರೋಲು, ಹೈಮಾದಲ್ಲಿ ಒಂದು ರಾತ್ರಿ, ಮರಳಿ ಬಸ್ಸು,
ಕೂಡಿಸಿದರೆ ಇಪ್ಪತ್ಮೂರು.
ಉಳಿತಾಯವಲ್ಲ, ಮೂರು ರಿಯಾಲು ನಷ್ಟ ಎಂದೆ.
ಅವನು ಸೌಟು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದ.

ಮೀಟರು ತೋರಿಸಿದೆ ಅವನಿಗೆ.
ಎಪ್ಪತ್ತೊಂದು ಸಾವಿರ. ಎಲ್ಲವೂ ತುಂಡುಗಳೇ:
ಔಷಧದಂಗಡಿಯಿಂದ ಕೋಟೆಯ ಹಿಂದಿನ ಓಣಿ, ಎರಡು ಕಿಲೋಮೀಟರು,
ಓಣಿಯಿಂದ ಆಸ್ಪತ್ರೆ, ಮೂರು,
ಆಸ್ಪತ್ರೆಯಿಂದ ತಪ್ಪು ವಿಳಾಸ, ಮತ್ತೆ ಎರಡು.
ಆರು ವರ್ಷ ಚೂರುಬಟ್ಟೆ ಜೋಡಿಸಿ ಕೌದಿ ಹೊಲಿದ ಹಾಗೆ.
ಕೊಟ್ಟುಬಿಡುವ ಮೊದಲು ಅದಕ್ಕೊಂದು
ಕತ್ತರಿ ಬೀಳದ ಇಡೀ ಥಾನು ಬಿಚ್ಚಿ ತೋರಿಸಬೇಕು.
ಪೂಜಾರಿ ಏನೂ ಅನ್ನಲಿಲ್ಲ. ಸಾರು ಹೊತ್ತಿತ್ತು.

ಈಗ ಚಳಿಯ ಏರ್ಪಾಡು.
ಉಣ್ಣೆಯ ಕೈಚೀಲ, ಮೇಲೆ ಪಾತ್ರೆ ತೊಳೆಯುವ ರಬ್ಬರಿನದು,
ಹಳದಿ; ನಾಚಿಕೆ ಆದಮ್ ದಾಟಿದ ಮೇಲೆ ಇರುವುದಿಲ್ಲ.
ಎದೆಗೆ ನಾಲ್ಕು ಮಡಿಕೆ ಪೇಪರು,
ಪಕ್ಕದ ಅಂಗಡಿಯ ಮಲಯಾಳಂ ಪೇಪರು.
ಒಂದಕ್ಷರ ಬಾರದು ನನಗೆ,
ಆದರೂ ಬೆಚ್ಚಗಿಡುತ್ತದೆ.

ಜಾಕೆಟ್ಟಿಗೆ ಅಸ್ತರು ಬೇಕಿತ್ತು.
ನಾವು ನದಾಫರು, ನರಗುಂದದವರು, ಹತ್ತಿ ಹಿಂಜುವ ಮನೆತನ.
ಅಪ್ಪನ ಹೆಗಲಲ್ಲೂ ಬಿಲ್ಲಿತ್ತು, ಅದು ಬೇರೆ ಬಿಲ್ಲು:
ಟೊಂಯ್ ಎಂದರೆ ಓಣಿಯ ಗಾದಿಗಳೆಲ್ಲ ಹೊರಗೆ ಬರುತ್ತಿದ್ದವು,
ಚಳಿಗಾಲವೆಂದರೆ ನಮಗೆ ಸುಗ್ಗಿ.
ನನಗೆ ಆ ಬಿಲ್ಲು ಎತ್ತಲೂ ಬರುವುದಿಲ್ಲ.
ನಿನ್ನೆ ರಾತ್ರಿ ಖೋಲಿಯಲ್ಲಿ ಕೂತು
ನನ್ನ ತಲೆದಿಂಬಿನ ಹೊಟ್ಟೆ ಸೀಳಿದೆ.
ಆರು ವರ್ಷ ನನ್ನ ತಲೆಯ ಕೆಳಗೆ ಗಂಟುಗಟ್ಟಿದ ಹತ್ತಿ.
ಬೆರಳಿನಲ್ಲೇ ಹಿಂಜಿದೆ, ಒಂದೂವರೆಯ ತನಕ.
ಬೆರಳಿಗೆ ಗೊತ್ತಿತ್ತು.
ಇಷ್ಟು ದಿನ ಹೇಳಿರಲಿಲ್ಲ ಅಷ್ಟೇ.
ಖೋಲಿ ತುಂಬ ಎಳೆ ಹಾರಿ, ಪೂಜಾರಿ ನಿದ್ದೆಯಲ್ಲೇ ಸೀನಿದ.

ಟೈಲರು ಕುಞ್ಞಲವಿ ಚೌಕ ಚೌಕ ಹೊಲಿಗೆ ಹಾಕಿಕೊಟ್ಟ,
ಹತ್ತಿ ಜಾರಿ ಸೊಂಟಕ್ಕೆ ಇಳಿಯದ ಹಾಗೆ.
ತೊಟ್ಟು ನೋಡಿದೆ. ಕನ್ನಡಿಯಲ್ಲಿ ನಾನೇ ಒಂದು ಗಾದಿ.

ಪಟ್ಟಿಯಲ್ಲಿ ಇನ್ನುಳಿದದ್ದು:
ಟ್ಯೂಬು ಒಂದು, ಖರ್ಜೂರ ಅರ್ಧ ಕಿಲೋ,
ಬಖೀತನಿಗೆ ಹೇಳಬೇಕಾದದ್ದು (ಎರಡನೇ ಗೇರು ಒಮ್ಮೊಮ್ಮೆ ಮುನಿಯುತ್ತದೆ,
ಒದೆಯಬೇಡ, ತಡೆ),
ಮರಳುವ ಬಸ್ಸಿನಲ್ಲಿ ಕಿಟಕಿಯ ಸೀಟು,
ತೊಡೆಯ ಮೇಲೆ ಬರಿದೇ ಹೆಲ್ಮೆಟ್ಟು,

ಮತ್ತೆ, ತಿರುಗಿ ಬಂದ ರಾತ್ರಿ ತಲೆಗೆ ಏನು?

ಅದರ ಮುಂದೆ ಬರೆದಿದ್ದೇನೆ:
ಜಾಕೆಟ್ಟು, ಮಡಚಿ.